ಜವಾಬಿಗೆ ಕಾದ ಹಲಗಿ

ಹಳೆಯ ದಿನಚರಿಯಲ್ಲಿ ತಾರೀಖು ಸ್ಪಷ್ಟವಾಗಿದೆ: ೧೯೭೮ರ ಮಾರ್ಚ್ ೨೫, ಹೋಳಿಯ ಬಣ್ಣದ ದಿನ. ಅಂದು ಚೌಕದಲ್ಲಿ ಮೇಲಿನ ಓಣಿಯ ಬಣ್ಣದ ಬಂಡಿ ಕೆಳಗಿನ ಓಣಿಯ ಮೇಳದ ಮೇಲೆ ಪೀಪಾಯಿಗಟ್ಟಲೆ ನೀರು ಸುರಿಯಿತು. ಕೆಳಗಿನ ಓಣಿಯ ಹಲಗಿ ಎಂಬ ತಮಟೆಯ ಚರ್ಮ ನೆನೆದು ದನಿಯೇ ಅಡಗಿಹೋಯಿತು.

"ಏನಕ್ಕಾ, ಗಂಟಲಾ ಕಟ್ಟೇತೇನು?" ಎಂದು ಮೇಲಿನ ಓಣಿಯ ಹಲಗಿ ನಕ್ಕಿತು. "ಈ ವರ್ಷದ ಗೆಲುವು ನಮ್ಮದ ತಗೋ."

ಅದು ತನ್ನ ಓಣಿಯ ತಾಳದ ಪೆಟ್ಟನ್ನು ಗತ್ತಿನಿಂದ ನುಡಿಯಿತು. ಅದು ಅಜ್ಜನ ಕಾಲದಿಂದಲೂ ಸವಾಲಿನ ಪೆಟ್ಟು. ನುಡಿದು, ಕೆಳಗಿನ ಓಣಿಯ ಜವಾಬಿಗಾಗಿ ನಿಲ್ಲುತ್ತಿತ್ತು. ಜವಾಬು ಕೊಡಲಾಗದಿದ್ದರೆ ಕೆಳಗಿನ ಓಣಿಗೆ ಆ ವರ್ಷ ಸೋಲು. ಅಂದೂ ನಿಂತಿತು. ಜವಾಬು ಬರಲಿಲ್ಲ. ಇನ್ನೊಮ್ಮೆ ನುಡಿದು ಇನ್ನೊಮ್ಮೆ ನಿಂತಿತು. ಕುಣಿಯುತ್ತಿದ್ದ ಜನ ಒಬ್ಬೊಬ್ಬರಾಗಿ ಸ್ನಾನಕ್ಕೆ ಹೊರಟರು.

ಮೇಲಿನ ಓಣಿಯ ಹಲಗಿ ಕೆಳಗಿನದನ್ನು ಕರೆಯಿತು. "ಅಕ್ಕಾ, ನಮ್ಮ ಹುಲ್ಲಿನ ಬೆಂಕಿಗೆ ಬಾ. ಮೈ ಕಾಸ್ಕೋ."

"ನಿಮ್ಮ ಬೆಂಕಿ ಕಾಸಿದ್ರೂ ನಿಮ್ಮ ಪೆಟ್ಟು ನಾ ನುಡಿಯಂಗಿಲ್ಲ."

"ಬ್ಯಾಡವಾ, ನಿಂದ ನುಡಿ. ನೀ ಸುಮ್ಮನಾದ್ರ ನಂದು ಅರ್ಧಕ್ಕ ನಿಲ್ಲತೈತಿ."

ಬೆಂಕಿಗೆ ಕಾದು ಬಿಗಿದ ಕೆಳಗಿನ ಓಣಿಯ ಹಲಗಿಯ ಚರ್ಮ ಝಣ್ಣೆಂದು ಜವಾಬು ಕೊಟ್ಟಿತು. ಸ್ನಾನಕ್ಕೆ ಹೋದವರು ಅರ್ಧ ಬಣ್ಣದಲ್ಲೇ ಓಡಿ ಬಂದರು. ಚೌಕ ಸಂಜೆಯವರೆಗೂ ಕುಣಿಯಿತು.

ಇದಕ್ಕೆ ಮೇಲಿನ ಓಣಿಯವರಿಗೆ ತಗುಲಿದ ಖರ್ಚು ಇಷ್ಟು: ಎರಡು ಹಿಡಿ ಹುಲ್ಲು ಮತ್ತು ಆ ವರ್ಷದ ಗೆಲುವು.