ಸಣ್ಣ ಬತ್ತಿಯ ಮನೆ

"ಗುರುಗಳೇ, ಉಳಿಸಬೇಕಾದದ್ದನ್ನೆಲ್ಲ ಉಳಿಸಿದೆವು. ಆದರೂ ನಮ್ಮ ಕಾಲೇಜಿನ ಹೊಗೆ ಯಾಕೆ ಕಡಿಮೆಯಾಗಲಿಲ್ಲ?"

ಹೀಗೆ ಕೇಳಿದವನು ಅಡವಯ್ಯ. ಮಠದ ಕಾಲೇಜಿನ ಆಡಳಿತವೆಲ್ಲ ಅವನದೇ. ಬೆಳಗಿನ ಪೂಜೆ ಮುಗಿಸಿ ಗುರುಗಳು ಜಗಲಿಯ ಮೇಲೆ ಕುಳಿತಿದ್ದರು. ಅವನು ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದ.

ಅವನ ಸಂಕಟ ಇದು. ಆ ಕಾಲೇಜನ್ನು ಕಟ್ಟಿಸಿದವರು ಹಿಂದಿನ ಹಿರಿಯ ಗುರುಗಳು. ದೇಹ ಬಿಡುವ ಮುಂಚೆ ಅವರು ಅಡವಯ್ಯನನ್ನು ಹಾಸಿಗೆಯ ಬಳಿಗೆ ಕರೆದು, ಮಕ್ಕಳಿಗೆ ಒಂದು ಕೈಯಿಂದ ವಿದ್ಯೆ ಕೊಟ್ಟು ಇನ್ನೊಂದು ಕೈಯಿಂದ ಅವರ ಗಾಳಿಯನ್ನು ಕಿತ್ತುಕೊಳ್ಳಬೇಡಿ ಎಂದಿದ್ದರು. ಭೂಮಿಯನ್ನು ಕಾಯಿಸುವ ಅನಿಲ ನಮ್ಮ ಅಂಗಳದಿಂದ ಹೊರಡುವುದು ಅರ್ಧಕ್ಕಾದರೂ ಇಳಿಯಲಿ ಎಂಬುದೇ ಅವರ ಕೊನೆಯ ಆಸೆ. ಅಡವಯ್ಯ ಪಾದ ಮುಟ್ಟಿ ಆಗಲಿ ಎಂದಿದ್ದ. ಅಂದಿನಿಂದ ಅವನಿಗೆ ಒಂದೇ ಹಂಬಲ. ಆ ಮಾತು ನಡೆಸಿಕೊಟ್ಟು ಒಮ್ಮೆ ಅವರ ಗದ್ದುಗೆಯ ಮುಂದೆ ತಲೆಯೆತ್ತಿ ನಿಲ್ಲಬೇಕು. ಊಟಕ್ಕೆ ಕುಳಿತರೂ ಅದೇ, ಜಪಕ್ಕೆ ಕುಳಿತರೂ ಅದೇ. ನಾಳೆ ಹಿರಿಯ ಗುರುಗಳ ಪುಣ್ಯಸ್ಮರಣೆ. ಕಾಲೇಜಿನ ಹೊಗೆಯನ್ನು ಅಳೆಯಲು ಬಂದವರು ನಿನ್ನೆಯಷ್ಟೇ, ಇಳಿದಿಲ್ಲ ಸ್ವಾಮಿ, ಒಂದಿಷ್ಟು ಏರಿದೆ ಎಂದು ಮೆಲ್ಲಗೆ ಹೇಳಿ ಹೋಗಿದ್ದರು.

ಏನೇನು ಉಳಿಸಿದಿರಿ ಎಂದು ಗುರುಗಳು ಕೇಳಿದರು. ಅಡವಯ್ಯ ಹೇಳಿದ. ಮಾಳಿಗೆಯ ತುಂಬ ಸೌರಫಲಕ ಹಾಕಿಸಿದ್ದಾಯಿತು. ಹಳೆಯ ಬಲ್ಬುಗಳನ್ನೆಲ್ಲ ತೆಗೆಸಿದ್ದಾಯಿತು. ಹಾಸ್ಟೆಲಿನ ಅಡುಗೆಗೆ ಸೌದೆ ನಿಂತು ಗೋಬರ್ ಗ್ಯಾಸ್ ಬಂತು. ಡೀಸೆಲ್ ಕುಡಿಯುತ್ತಿದ್ದ ಹಳೆಯ ಬಸ್ಸನ್ನೂ ನಿಲ್ಲಿಸಿದ್ದಾಯಿತು.

"ಒಳ್ಳೆಯದು. ಉಳಿದದ್ದನ್ನು ಏನು ಮಾಡಿದಿರಿ?"

"ಒಂದು ಚೂರೂ ಕೆಡಿಸಲಿಲ್ಲ ಗುರುಗಳೇ. ಮಠದಲ್ಲಿ ಪ್ರಸಾದ ಕೆಡಿಸುವುದುಂಟೇ?"

ಎಲೆಯಲ್ಲಿ ಒಂದಗುಳೂ ಬಿಡಬಾರದೆಂಬುದು ಆ ಮಠದ ನಡೆ. ಉಳಿದ ಕರೆಂಟನ್ನೂ ಅವರು ಹಾಗೆಯೇ ಕಂಡಿದ್ದರು. ಬಿಸಿಲಿನ ಕರೆಂಟು ಹೇಗೂ ಇದೆಯಲ್ಲ ಎಂದು ಸಭಾಭವನಕ್ಕೆ ಎ.ಸಿ. ಬಂತು. ಮುದುಕರಾದ ಮೇಷ್ಟರುಗಳ ಕೋಣೆಗೂ ಬಂತು. ಹಗಲು ಬಿಸಿಲಿನ ಕರೆಂಟು, ಹೊತ್ತು ಇಳಿದ ಮೇಲೆ ಕಲ್ಲಿದ್ದಲು ಸುಟ್ಟು ಬರುವ ಕಂಬದ ಕರೆಂಟು. ಹೊಸ ಬಲ್ಬು ತಿನ್ನುವುದು ಕಡಿಮೆ ಎಂದು ಮೈದಾನಕ್ಕೆ, ಮಹಾದ್ವಾರಕ್ಕೆ, ಕಾಂಪೌಂಡಿನ ಉದ್ದಕ್ಕೂ ದೀಪಗಳು ಬಂದವು. ಬಸ್ಸು ನಿಂತ ಮೇಲೆ ಮೇಷ್ಟರುಗಳು ಒಬ್ಬೊಬ್ಬರೂ ಒಂದೊಂದು ಕಾರಿನಲ್ಲಿ ಬಂದರು. ಬಸ್ಸು ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು, ಕಾರು ನಿಲ್ಲಿಸಲು ಅನುಕೂಲವಾಯಿತು. ಇದನ್ನೂ ಅಡವಯ್ಯ ಬಿಡದೆ ಹೇಳಿದ. ಯಾವುದನ್ನು ಹೇಳುವಾಗಲೂ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಗುರುಗಳು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಶಿವನಾಮ ನುಡಿದರು. ಆಮೇಲೆ ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಕುಂಬಾರ. ಊರಿನ ಪಡುವಲಿಗೆ ಬೆಟ್ಟ, ಬೆಟ್ಟದ ನೆತ್ತಿಯ ಮೇಲೆ ಶಿವನ ಗುಡಿ. ಕುಂಬಾರ ಚಿಕ್ಕವನಿದ್ದಾಗ ಕಾರ್ತಿಕದಲ್ಲಿ ಅಲ್ಲಿ ದೀಪ ಉರಿಯುತ್ತಿತ್ತು. ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, ನೋಡು ಮಗನೇ, ದೇವರು ಎಚ್ಚರವಾಗಿದ್ದಾನೆ ಎನ್ನುತ್ತಿದ್ದ. ಕಾಲ ಕಳೆದಂತೆ ಎಣ್ಣೆ ಕೊಡುವವರು ಇಲ್ಲವಾದರು. ದೀಪ ನಿಂತುಹೋಯಿತು. ಕುಂಬಾರನ ಕಣ್ಣಿನಿಂದ ಮಾತ್ರ ಅದು ಹೋಗಲಿಲ್ಲ. ಸಂಜೆಯಾದರೆ ಮಣ್ಣಿನ ಕೈ ತೊಳೆದು ಹೊಸ್ತಿಲಲ್ಲಿ ನಿಲ್ಲುವನು, ಬೆಟ್ಟದ ಕಡೆ ನೋಡುವನು. ಸಾಯುವುದರೊಳಗೆ ಇನ್ನೊಂದು ಸಲ ಆ ದೀಪ ಕಂಡರೆ ಸಾಕು ಎಂದು ಹಲುಬುವನು.

ಕೊನೆಗೆ ಅವನೇ ವ್ರತ ಹಿಡಿದ. ಮನೆಯ ದೀಪದ ಬತ್ತಿಯನ್ನು ಸಣ್ಣಗೆ ಹೊಸೆದ. ದಿನವೂ ಉಳಿದ ಎಣ್ಣೆಯನ್ನು ದೇವರ ಗೂಡಿನ ಕೆಳಗೆ ಒಂದು ಗಡಿಗೆಯಲ್ಲಿ ಸುರಿದ. ಕಾರ್ತಿಕಕ್ಕೆ ಹೊತ್ತುಕೊಂಡು ಬೆಟ್ಟ ಹತ್ತುವುದೆಂದು ನಿಶ್ಚಯ ಮಾಡಿದ.

ಅಷ್ಟರಲ್ಲಿ ಹಸು ಈಯುವ ದಿನ ಬಂತು. ಕೊಟ್ಟಿಗೆಯಲ್ಲಿ ಕತ್ತಲು. ಸಣ್ಣ ಬತ್ತಿ ಎಷ್ಟು ಕುಡಿದೀತು ಎಂದು ಅಲ್ಲೊಂದು ಹಣತೆ ಇಟ್ಟ. ಅಡವಯ್ಯ ತಲೆದೂಗಿದ. ಮೂಕಪ್ರಾಣಿ, ಇಡಬೇಕಾದದ್ದೇ. ಮೊಮ್ಮಗಳು ಹಿತ್ತಿಲಿಗೆ ಹೋಗಲು ಅಂಜುತ್ತಿದ್ದಳು, ಅಲ್ಲೊಂದು ಇಟ್ಟ. ಅದಕ್ಕೂ ಅಡವಯ್ಯ ತಲೆದೂಗಿದ. ಅಂಗಳದ ಬಿಲ್ವದ ಕಟ್ಟೆಗೆ ಒಂದು ಬೇಡವೇ ಎಂದಳು ಹೆಂಡತಿ. ಶಿವನ ಮರವಲ್ಲವೇ, ಅಲ್ಲೂ ಇಟ್ಟ. ಕುಂಬಾರನ ಮನೆಯಲ್ಲಿ ಹಣತೆಗೆ ಬರವುಂಟೇ? ಆಮೇಲೆ ಬಾಗಿಲಿನ ಎರಡು ಕಡೆಗೂ ಬಂತು. ಒಲೆಯ ಕಟ್ಟೆಗೆ ಬಂತು. ದಾರಿಯಲ್ಲಿ ಹೋಗುವವರು ನಿಂತು, ಏನಪ್ಪ, ನಿನ್ನ ಮನೆಯಲ್ಲಿ ದಿನವೂ ದೀಪಾವಳಿ ಎಂದು ನಗೆಯಾಡುವರು. ಬತ್ತಿ ನೋಡಿರಣ್ಣ, ಎಷ್ಟು ಸಣ್ಣದು ಎಂದು ಅವನು ತೋರಿಸುವನು.

ಕಾರ್ತಿಕ ಬಂತು. ಗಡಿಗೆಗೆ ಕೈ ಹಾಕಿದ. ಬೆರಳಿಗೆ ಜಿಡ್ಡು ಹತ್ತಿತು, ಅಷ್ಟೇ.

ಅವನು ಅಂಗಳಕ್ಕೆ ಬಂದ. ಸುತ್ತಲೂ ಅವನವೇ ದೀಪ. ಆ ಬೆಳಕಿನಲ್ಲಿ ಕಣ್ಣು ಕೋರೈಸಿ, ದೀಪವಿರಲಿ, ಬೆಟ್ಟವೇ ಕಾಣಲಿಲ್ಲ. ಹುಬ್ಬಿಗೆ ಕೈ ಅಡ್ಡ ಹಿಡಿದು ಪಡುವಲ ಕಡೆ ನೋಡಿದ. ತಂದೆಯ ಹೆಗಲು ನೆನಪಾಯಿತು. ಅವನು ಅತ್ತುಬಿಟ್ಟ. ಶಿವನೇ, ನಿನಗಾಗಿ ನನ್ನ ಬತ್ತಿಯನ್ನು ನೂಲಿನಷ್ಟು ಸಣ್ಣ ಮಾಡಿದೆ, ನೀನು ಯಾಕೆ ಕಾಣಿಸಿಕೊಳ್ಳಲಿಲ್ಲ ಎಂದು ಬೇಡಿಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡವಯ್ಯನ ಕಣ್ಣೂ ಒದ್ದೆಯಾಗಿತ್ತು. ಆ ಬಡಪಾಯಿ ಅಷ್ಟೊಂದು ಹಂಬಲಿಸಿದ್ದನಲ್ಲ, ದೇವರು ಏನೂ ಹೇಳಲಿಲ್ಲವೇ ಎಂದು ಕೇಳಿದ.

"ಏನು ಹೇಳಿಯಾನು ಅಡವಯ್ಯ? ಅವನಿನ್ನೂ ಬೆಟ್ಟದ ಮೇಲೆ ಕತ್ತಲಲ್ಲೇ ಕೂತಿದ್ದಾನೆ, ಅವನ ಪಾಲಿನ ಎಣ್ಣೆ ಇಲ್ಲಿ ಕೆಳಗೆ ಉರಿಯುತ್ತಿದೆ."