ಪ್ರಾರ್ಥನೆಯ ಡಬ್ಬಿ

ಹೊಳೆಯ ದಂಡೆಯಲ್ಲಿ ಯೋಹಾನಪ್ಪ ಅಯ್ಯನವರ ಆಶ್ರಮ. ಆಶ್ರಮ ಅನ್ನುವುದು ದೊಡ್ಡ ಮಾತು. ಹಂಚಿನ ಮೂರು ಕೋಣೆ, ಒಂದು ಬೇವಿನ ಮರ, ಮರಕ್ಕೆ ಕಟ್ಟಿದ ಒಂದು ಗಂಟೆ. ಒಂದು ಕೋಣೆಯ ಗೋಡೆಯ ಮೇಲೆ ಮರದ ಶಿಲುಬೆ ಇರುವುದರಿಂದ ಅದು ಪ್ರಾರ್ಥನೆಯ ಕೋಣೆ ಎಂದು ಗೊತ್ತಾಗುತ್ತದೆ.

ಅಯ್ಯನವರು ಒಂದು ಕಾಲಕ್ಕೆ ಚರ್ಚಿನ ಸಭಾಪಾಲಕರಾಗುವವರಿಗೆ ಪಾಠ ಹೇಳಿದವರು. ಈಗ ಎಂಬತ್ತು ದಾಟಿದೆ. ಕಲಿತವರಲ್ಲಿ ಹೆಚ್ಚಿನವರು ಕ್ರಿಸ್ಮಸ್ಸಿಗೆ ಒಂದು ಕಾರ್ಡು ಕಳಿಸಿ ಕೈತೊಳೆದುಕೊಳ್ಳುತ್ತಾರೆ. ದೇವಮಿತ್ರ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದ.

ಈ ಸಲ ಅವನು ಬಂದದ್ದು ವರ್ಷ ತುಂಬುವ ಮೊದಲೇ. ಕಂಕುಳಲ್ಲಿ ತಗಡಿನದೊಂದು ಬಿಸ್ಕತ್ತಿನ ಡಬ್ಬಿ ಇತ್ತು.

ದೇವಮಿತ್ರನಿಗೆ ಐವತ್ತೆಂಟು. ತಾಲೂಕು ಊರೊಂದರ ಸಭಾಪಾಲಕ. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಹಟ. ಕಾಲ ಕೆಟ್ಟಿದೆ ಎಂದು ಅವನು ಉಪದೇಶ ಶುರುಮಾಡಿದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ನೆಟ್ಟಗೆ ಕೂರುತ್ತಿದ್ದರು. ಅವನು ಹೇಳುವುದೇನೂ ಸುಳ್ಳಲ್ಲ. ಗಂಡ ಹೆಂಡತಿ ಒಂದೇ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ತಮ್ಮ ತಮ್ಮ ಫೋನು ನೋಡುತ್ತ ಮಲಗುವ ಕಾಲ ಇದು.

ಗುರುಗಳು ಬೇವಿನ ಕೆಳಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಏನಪಾ, ಬಿಸ್ಕೀಟು ತಂದಿಯೇನು?"

"ಇಲ್ಲರಿ. ಖಾಲಿ ಡಬ್ಬಿ."

"ಖಾಲಿ ಡಬ್ಬಿ ಹೊತಗೊಂಡು ಇಷ್ಟು ದೂರ ಬಂದಿ?"

"ಇದರ ಸಲುವಾಗೇ ಬಂದೀನ್ರಿ. ಮುಂದಿನ ತಿಂಗಳ ಸಭಾಪಾಲಕರ ಕೂಟದಾಗ ಈ ಡಬ್ಬಿ ಬಗ್ಗೆ ಮಾತಾಡು ಅಂದಾರ. ಎಲ್ಲಾ ಊರಾಗೂ ಮನಿಗೊಂದು ಇಡಸಬೇಕಂತ. ನನಗ ಬಾಯಿ ಬರವಲ್ದು."

"ಕೂಡು. ಬೀಜಾ ಬಿಡಸು. ಬಿಡಸ್ಕೋತ ಹೇಳು."

ದೇವಮಿತ್ರ ಕೂತ. ಹೇಳಿದ.

ಅವನ ಮನೆಯಲ್ಲಿ ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ. ಮೊದಲು ಬೈಬಲಿನ ವಾಕ್ಯ ಓದುವುದು. ಏಳೂ ಹತ್ತಕ್ಕೆ ಹಾಡು. ಹಾಡಿನ ಮೊದಲ ಸಾಲು ಅವನದು. ಎರಡನೆಯದು ಮಗ ಸಿಲ್ವಾನನದು. ಮೂರನೆಯದರಿಂದ ಹೆಂಡತಿ ಕೃಪಾವತಿಯೂ ಸೇರಿ ಮೂವರೂ ಹಾಡುವುದು. ಸಿಲ್ವಾನನಿಗೆ ಮಾತು ಬಂದಾಗಿನಿಂದ ನಡೆದುಬಂದ ಪದ್ಧತಿ.

ಹುಡುಗ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು ಓದಿದ ಮೂರು ವರ್ಷವೂ ಇದು ತಪ್ಪಲಿಲ್ಲ. ಏಳೂ ಹತ್ತಕ್ಕೆ ತಾಯಿಗೆ ಫೋನು ಮಾಡುತ್ತಿದ್ದ. ಅವಳು ಫೋನನ್ನು ಚಾಪೆಯ ನಡುವೆ ಇಡುತ್ತಿದ್ದಳು. ಎರಡನೇ ಸಾಲು ಅದರೊಳಗಿಂದ ಬರುತ್ತಿತ್ತು.

"ಚಲೋ ಪದ್ಧತಿ," ಅಂದರು ಗುರುಗಳು.

ಓದು ಮುಗಿಸಿ ಸಿಲ್ವಾನ ಊರಿಗೇ ಬಂದು ಝೆರಾಕ್ಸ್ ಅಂಗಡಿ ಹಾಕಿದ. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಪುರಸಭೆಯ ಚುನಾವಣೆ ಬಂತು.

ಅವರ ವಾರ್ಡಿಗೆ ನಿಂತವನು ಅವರ ಸಭೆಯ ದೇವಾಲಯದ ಎದುರಿಗೇ ಬಾರ್ ತೆಗೆಸಿದ್ದ ಆಸಾಮಿ. ಭಾನುವಾರ ಆರಾಧನೆ ಮುಗಿಸಿ ಹೊರಬಂದರೆ ಮೆಟ್ಟಿಲ ಮೇಲೇ ಕುಡಿದು ಬಿದ್ದವರು. ಅಂಥವನಿಗೆ ಓಟು ಹಾಕುವುದು ಪಾಪ ಎಂದು ದೇವಮಿತ್ರ ವೇದಿಕೆಯ ಮೇಲಿಂದಲೇ ಹೇಳಿದ. ಸಿಲ್ವಾನ ಅದೇ ಮನುಷ್ಯನ ಪರವಾಗಿ ಮನೆಮನೆಗೆ ಚೀಟಿ ಹಂಚಿದ.

"ಯಾಕಂತ?"

"ಓಣಿಗೆ ನಳ ಹಾಕಿಸ್ಯಾನಂತ್ರಿ. ಅವ್ವ ಕೊಡ ಹೊರೂದು ತಪ್ಪೇತಿ ಅಂದ."

"ತಪ್ಪಿತ್ತೇನು?"

"ತಪ್ಪಿತ್ರಿ. ಆದ್ರ ಬಾರೂ ಖರೇನೇ ಐತಿ."

"ಎರಡೂ ಖರೇ," ಅಂದರು ಗುರುಗಳು. "ಮುಂದ?"

ದೇವಮಿತ್ರನ ಕೈ ನಿಂತಿತು.

ಚುನಾವಣೆ ಮುಗಿದ ಭಾನುವಾರ ಕರ್ತನ ಭೋಜನದ ಸಂಸ್ಕಾರವಿತ್ತು. ಸಭೆಯವರು ಸಾಲಾಗಿ ಮೊಣಕಾಲೂರಿದ್ದರು. ದೇವಮಿತ್ರ ದ್ರಾಕ್ಷಾರಸದ ಪಾತ್ರೆ ಹಿಡಿದು ಒಬ್ಬೊಬ್ಬರ ಬಾಯಿಗೂ ಮುಟ್ಟಿಸುತ್ತ ಬಂದ. ಸಿಲ್ವಾನ ತಲೆ ಎತ್ತಿದ. ದೇವಮಿತ್ರ ಅವನನ್ನು ದಾಟಿ ಪಕ್ಕದವನಿಗೆ ಕೊಟ್ಟ.

ಎಲ್ಲರೂ ಎದ್ದು ಹೋದ ಮೇಲೂ ಹುಡುಗ ಅಲ್ಲೇ ಮೊಣಕಾಲೂರಿದ್ದ. ಆಮೇಲೆ ಎದ್ದು ಮನೆಗೆ ಹೋಗಿ ಚೀಲ ತಗೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದ. ಸಭೆಯ ಮುಂದೆ ತಪ್ಪು ಒಪ್ಪಿಕೊಳ್ಳುವ ತನಕ ಅವನ ಜೊತೆ ಯಾರೂ ಮಾತಾಡಕೂಡದು ಎಂದು ದೇವಮಿತ್ರ ಮನೆಯಲ್ಲಿ ಕಟ್ಟಪ್ಪಣೆ ಮಾಡಿದ.

"ಈಗ ಡಬ್ಬಿ ಬಗ್ಗೆ ಹೇಳು," ಅಂದರು ಗುರುಗಳು.

"ಡಬ್ಬಿ ನಿಮ್ಮ ಮಾತಿನ ಮ್ಯಾಲೇ ಆದದ್ದರಿ. ಪ್ರಾರ್ಥನಾ ಹೊತ್ತಿನ್ಯಾಗ ಮನಿ ಒಳಗ ಸಂತಿ ಬಿಟಗೋಬ್ಯಾಡ್ರಿ ಅಂತ ನೀವೇ ಕಲಿಸಿದ್ರಿ. ಅದಕ್ಕ ಏಳಕ್ಕ ಎಲ್ಲಾರ ಫೋನೂ ಇದರಾಗ ಹಾಕಿ ಮುಚ್ಚಿಬಿಡೂದು. ಬಂದ್ ಮಾಡೂದಿಲ್ಲ. ಬಂದ್ ಮಾಡಿದ್ರ ಅದೇನು ದೊಡ್ಡ ಮಾತು? ಬಡಕೋತ ಇರಲಿ, ನಾವು ಅಳ್ಳಾಡಬಾರದು. ಕಿವಿಗೆ ಉಪವಾಸ ಅಂತೀನ್ರಿ ನಾನು. ನಮ್ಮ ಸಭಾದಾಗ ನಲವತ್ತು ಮನಿಯಾಗ ಇಟ್ಟಾರ."

"ನಾ ಹಂಗ ಹೇಳಿದ್ದು ಖರೇ," ಅಂದರು ಗುರುಗಳು. "ಒಂದು ಕೇಳತೀನಿ. ಮೊದಲು ಡಬ್ಬಿ ಬಂತೋ, ಮೊದಲು ಮಗನ ಫೋನು ಬಂತೋ?"

ದೇವಮಿತ್ರ ಡಬ್ಬಿಯನ್ನು ಮಗ್ಗುಲಿಗೆ ಸರಿಸಿದ.

"ಮಗ ಹೋದ ದಿನ ಸಂಜೀಗೆ ಏನಾತು?"

"ಏಳೂ ಹತ್ತಕ್ಕ ಅವರವ್ವನ ಫೋನು ಬಡೀತ್ರಿ. ಅವನದs. ಅಕಿ ಕೈ ಚಾಚಿದಳು. ನಾ ಕಸಗೊಂಡೆ. ಪಕ್ಕದಾಗ ಈ ಡಬ್ಬಿ ಇತ್ತು. ಒಳಗ ಹಾಕಿ ಮುಚ್ಚಿದೆ."

"ಸಭಾದಾಗ ಹೇಳಿದ್ದು?"

"ಮುಂದಿನ ಐತವಾರ."

ಗುರುಗಳ ಕೈಯ ಹಣ್ಣಿನಲ್ಲಿ ಒಂದು ಬೀಜ ಸಿಕ್ಕಿಕೊಂಡಿತ್ತು, ಅದನ್ನು ಉಗುರಿನಿಂದ ಕಿತ್ತರು.

ಸಿಟ್ಟಿನಲ್ಲಿ ಮುಚ್ಚಿದ ಒಂದು ಮುಚ್ಚಳ ವಾರದೊಳಗೆ ಸಭೆಯ ನೇಮವಾಗಿಬಿಟ್ಟಿತ್ತು. ಇದು ದೇವಮಿತ್ರನಿಗೆ ಗೊತ್ತಿರಲಿಲ್ಲ ಎಂದಲ್ಲ. ಇನ್ನೊಬ್ಬರ ಎದುರಿಗೆ ತನ್ನ ಬಾಯಿಂದಲೇ ಕೇಳಿಸಿಕೊಂಡಾಗ ಅವನಿಗೆ ನಾಚಿಕೆಯಾಯಿತು.

"ದಿನಾ ಬರತಿತ್ರಿ," ಅಂದ. "ಮಳಿಗಾಲ ಪೂರ್ತಿ. ಏಳೂ ಹತ್ತು ಅಂದ್ರ ಏಳೂ ಹತ್ತು. ತಗಡಿನ ಡಬ್ಬಿ, ಗಿರ್ ಅಂತ ಮನೀ ತುಂಬ ಕೇಳತಿತ್ತು. ನಮ್ಮ ಪ್ರಾರ್ಥನಾ ಕೆಡಸಾಕ ಬೇಕಂತನs ಮಾಡತಾನ ಅಂದಕೊಂಡೆ. ಗಟ್ಟಿಯಾಗಿ ಹಾಡಿದೆ. ಅದು ಬಡದಷ್ಟೂ ನಾನೂ ದನಿ ಏರಿಸಿದೆ."

"ಕೃಪಾವತಿ?"

"ಅಕಿ ಹಾಡೂದು ಬಿಟ್ಟಳ್ರಿ. ಡಬ್ಬಿ ನೋಡ್ಕೋತ ಕುಂದರತಿದ್ದಳು."

"ಆಮೇಲೆ?"

"ದೀಪಾವಳಿ ಸುಮಾರಿಗೆ ನಿಂತುಬಿಡ್ತು."

ನಿಂತ ಮೇಲೆ ಮನೆ ಹೇಗಾಯಿತೆಂದು ಹೇಳಲು ದೇವಮಿತ್ರನಿಗೆ ಬರಲಿಲ್ಲ. ಏಳೂ ಹತ್ತಾಗುತ್ತಿತ್ತು. ಅವನು ಮೊದಲ ಸಾಲು ಹಾಡುತ್ತಿದ್ದ. ಡಬ್ಬಿ ಸುಮ್ಮನಿರುತ್ತಿತ್ತು. ಆ ಸುಮ್ಮನಿರುವಿಕೆಯನ್ನು ಮುಚ್ಚುವಷ್ಟು ಗಟ್ಟಿಯಾಗಿ ಹಾಡಲು ಅವನ ಗಂಟಲಿಗೂ ಆಗಲಿಲ್ಲ.

ನಾಲ್ಕು ತಿಂಗಳು ತಡೆದ. ಒಂದು ಮಧ್ಯಾಹ್ನ ಹೆಂಡತಿಗೆ ಕಾಣದಂತೆ ಹಿತ್ತಲಿಗೆ ಹೋಗಿ ತಾನೇ ಫೋನು ಮಾಡಿದ. ಯಾರೋ ಹೆಣ್ಣುಮಗಳು ಎತ್ತಿದಳು. ಈ ನಂಬರು ಹೊಸದಾಗಿ ಸಿಕ್ಕಿದೆ, ಸಿಲ್ವಾನ ಅನ್ನುವವರು ಗೊತ್ತಿಲ್ಲ ಎಂದಳು. ಹುಬ್ಬಳ್ಳಿಗೆ ಹೋದರೆ ಅವನು ಹಿಡಿದಿದ್ದ ಬಾಡಿಗೆ ಕೋಣೆಗೆ ಬೀಗ. ಎಲ್ಲಿ ಹೋದನೆಂದು ಗೆಳೆಯರಿಗೂ ತಿಳಿಯದು. ಪೊಲೀಸರಿಗೆ ಹೇಳಿದ್ದಾಯಿತು. ಅವರು ಬರೆದುಕೊಂಡು ಕಳಿಸಿದರು.

"ನಾ ತಪ್ಪು ಮಾಡೀನೇನ್ರಿ?" ಅಂದ ದೇವಮಿತ್ರ. "ಕಾಲ ಕೆಟ್ಟದ್ದು ಖರೇ ಅಲ್ಲೇನು? ಬಾರು ಖರೇ. ಫೋನು ಮನೀ ಮುರಿಯೂದೂ ಖರೇ. ನಾ ಒಂದರ ಸುಳ್ಳು ಹೇಳೀನೇನು?"

ಗುರುಗಳು ಕೈ ಒರೆಸಿಕೊಂಡು ಎದ್ದರು. ಹೊತ್ತು ಮುಳುಗುತ್ತಿತ್ತು.

"ಹೊಳೀಗೆ ಹೋಗಿ ಒಂದು ಕೊಡ ನೀರು ತೊಗೊಂಡು ಬಾ," ಅಂದರು.

ದೇವಮಿತ್ರ ಕೊಡ ಹಿಡಿದು ಇಳಿದ. ನೀರು ತುಂಬಿಕೊಳ್ಳುತ್ತಿರುವಾಗ ಗಂಟೆ ಬಾರಿಸಿದ್ದು ಕೇಳಿಸಿತು. ಸಂಜೆಯ ಪ್ರಾರ್ಥನೆ. ಅವಸರದಿಂದ ಹತ್ತಿ ಬಂದ. ಪ್ರಾರ್ಥನೆಯ ಕೋಣೆಯ ಬಾಗಿಲು ಮುಚ್ಚಿತ್ತು. ದೂಡಿದ. ಒಳಗಿಂದ ಅಗಳಿ ಹಾಕಿತ್ತು.

"ಅಯ್ಯನವರ, ನಾನ್ರಿ. ಬಾಗಲಾ ತೆಗೀರಿ."

ಯಾರೂ ಮಾತಾಡಲಿಲ್ಲ. ಬಡಿದ. ಮತ್ತೆ ಬಡಿದ.

ಒಳಗಿಂದ ಗುರುಗಳ ನಡುಗುವ ದನಿಯಲ್ಲಿ ಹಾಡು ಶುರುವಾಯಿತು. ದೇವಮಿತ್ರನ ಮನೆಯಲ್ಲೂ ಹಾಡುವ ಹಾಡೇ. ಮೊದಲ ಸಾಲು ಮುಗಿಯಿತು. ದನಿ ನಿಂತಿತು.

ದೇವಮಿತ್ರ ಕೊಡ ಇಳಿಸಿದ. ಬಾಗಿಲ ಸಂದಿಗೆ ಬಾಯಿ ಹಚ್ಚಿದ. ಎರಡನೇ ಸಾಲನ್ನು ಹಾಡಿದ.

ಬಾಗಿಲು ತೆರೆಯಲಿಲ್ಲ. ಒಳಗಿನ ದನಿ ಮೂರನೇ ಸಾಲನ್ನು ಹಿಡಿಯಿತು, ಮೊದಲಿಗಿಂತ ಗಟ್ಟಿಯಾಗಿ. ಇವನು ದನಿ ಏರಿಸಿದರೆ ಅದೂ ಏರಿತು. ಎಂಬತ್ತು ದಾಟಿದ ಗಂಟಲಿನಲ್ಲಿ ಅಷ್ಟು ಬಲ ಎಲ್ಲಿತ್ತೋ. ಕಡೆಗೆ ಹೊರಗಿನವನ ಹಾಡು ಅವನಿಗೇ ಕೇಳಿಸದಂತಾಯಿತು. ಅವನು ಹಾಡುವುದನ್ನು ನಿಲ್ಲಿಸಿದ. ಬಾಗಿಲಿಗೆ ಹಣೆ ಹಚ್ಚಿ ನಿಂತುಬಿಟ್ಟ.

ಪ್ರಾರ್ಥನೆ ಮುಗಿದ ಮೇಲೆ ಅಗಳಿ ಸರಿಯಿತು. ಗುರುಗಳು ಹೊಸ್ತಿಲ ಮೇಲೆ ನಿಂತಿದ್ದರು. ಹಾಡಿ ಹಾಡಿ ಏದುಸಿರು ಬಿಡುತ್ತಿದ್ದರು. ಅವರ ಕಣ್ಣೂ ಒದ್ದೆಯಾಗಿತ್ತು.

"ನಾ ಬಡದದ್ದು ಕೇಳಸಲಿಲ್ಲೇನ್ರಿ?"

"ಕೇಳಸ್ತು."

"ಹಾಡಿದ್ದು?"

"ಅದೂ ಕೇಳಸ್ತು. ಎರಡನೇ ಸಾಲಿಗೆ ಸರಿಯಾಗಿ ಸೇರಿಕೊಂಡಿ."

"ಮತ್ಯಾಕ ತೆಗೀಲಿಲ್ಲರಿ?"

"ಪ್ರಾರ್ಥನಾ ನಡದಿತ್ತಲ್ಲ."

ದೇವಮಿತ್ರ ಹೊಸ್ತಿಲ ಕೆಳಗೆ ಕುಸಿದು ಕೂತ. ಐವತ್ತೆಂಟರ ಗಂಡಸು ಮುಖ ಮುಚ್ಚಿಕೊಂಡು ಅತ್ತ. ಗುರುಗಳು ಅವನ ಪಕ್ಕದಲ್ಲಿ ಕೂತರು. ಬೆನ್ನ ಮೇಲೆ ಕೈ ಇಟ್ಟರು.

"ಅಂವ ತಿರುಗಿ ಬಂದಾನೇನ್ರಿ?"

"ಗೊತ್ತಿಲ್ಲಪಾ."

"ಬದುಕ್ಯಾನೋ ಇಲ್ಲೋ ಅದೂ ಗೊತ್ತಿಲ್ಲ. ಅಕಿ ಮುಖ ನೋಡಾಕ ಆಗವಲ್ದು ನನಗ. ಮನಿಗೆ ಹೋಗಾಕ ಕಾಲು ಏಳವಲ್ದು."

ದೇವಮಿತ್ರ ಮುಖ ಒರೆಸಿಕೊಂಡ.

"ಒಂದು ಮಾತು ಹೇಳತೀನ್ರಿ, ನಂಬ್ರಿ. ನಾ ಅಂವನ್ನ ಬಿಟ್ಟುಕೊಟ್ಟಿರಲಿಲ್ಲ. ಹಾಡು ಮುಗದ ಕೂಡಲೇ ದಿನಾ ಅವನ ಹೆಸರು ತೊಗೊಂಡು ಬೇಡಕೊಂಡೀನಿ. ಸ್ವಾಮೀ, ನನ್ನ ಮಗನ ದನಿ ಈ ಮನಿಯಾಗ ಇನ್ನೊಮ್ಮೆ ಕೇಳಸು ಅಂತ. ಮಳಿಗಾಲ ಪೂರ್ತಿ, ಒಂದು ದಿನಾ ತಪ್ಪಿಸಿಲ್ಲ. ಇಷ್ಟು ಬೇಡಿದ್ರೂ ಯಾಕ ಕೊಡಲಿಲ್ಲರಿ ದೇವರು?"

ಗುರುಗಳು ಎದ್ದು ಬೇವಿನ ಕೆಳಗಿದ್ದ ಡಬ್ಬಿಯನ್ನು ತಂದು ಮುಚ್ಚಳ ತೆಗೆದರು. ಒಳಗೆ ನೋಡಿದರು. ತೆರೆದ ಡಬ್ಬಿಯನ್ನು ಅವನ ಕೈಗೆ ಕೊಟ್ಟರು.

"ಕೊಟ್ಟಾನಲ್ಲೋ, ದೇವಮಿತ್ರ. ದಿನಾ ಏಳೂ ಹತ್ತಕ್ಕ ಕೊಟ್ಟಾನ."