ಮೋಟಾರು ಸುಮ್ಮನಾದಾಗ

ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರದ ಮೋಟಾರಿಗೆ ಬೆಳಗಿನಿಂದ ಸಿಟ್ಟು ನೆತ್ತಿಗೇರಿತ್ತು. ಎಷ್ಟು ದುಡಿದರೂ ಮೀಟರಿನ ಮುಳ್ಳು ಅರ್ಧಕ್ಕೇ ನಿಂತುಬಿಡುತ್ತಿತ್ತು. ಹೊರಗೆ ಲಾರಿಯ ಚಕ್ರ ಗಾಳಿಗಾಗಿ ಕಾದಿತ್ತು.

"ಏಳು, ಸೋಮಾರಿ!" ಎಂದು ಮೋಟಾರು ಮುಳ್ಳಿಗೆ ಗುಡುಗಿತು.

"ಟ್ಯಾಂಕಿನಲ್ಲಿ ಇದ್ದಷ್ಟನ್ನೇ ನಾನು ತೋರಿಸುವುದು, ಸ್ವಾಮಿ," ಎಂದಿತು ಮುಳ್ಳು.

"ಹಾಗಾದರೆ ಟ್ಯಾಂಕೇ ಕಳ್ಳ!"

ಟ್ಯಾಂಕು ನೊಂದುಕೊಂಡಿತು. "ನೀವು ಕೊಟ್ಟದ್ದರಲ್ಲಿ ಒಂದು ಉಸಿರನ್ನೂ ನಾನು ನುಂಗಿಲ್ಲ. ಒಂದು ಗಳಿಗೆ ಸುಮ್ಮನಿದ್ದು ಕೇಳಿಸಿಕೊಳ್ಳಿ."

ತಾನು ನಿಂತರೆ ಅಂಗಡಿಯೇ ನಿಂತುಹೋಗುತ್ತದೆ ಎಂದುಕೊಂಡಿದ್ದ ಮೋಟಾರು ದಣಿವಿಗೆ ಸೋತು ನಿಂತಿತು. ಆಗ 'ಸುಯ್' ಎಂಬ ಸಣ್ಣ ಸದ್ದು ಕೇಳಿಸಿತು. ತನ್ನ ಪಕ್ಕದಲ್ಲೇ ಇದ್ದ ಕೊಳವೆಯ ನಟ್ಟು ಸಡಿಲವಾಗಿ ಗಾಳಿ ಸೋರುತ್ತಿತ್ತು.

"ಮೊದಲೇ ಹೇಳಬಾರದಿತ್ತೇ?" ಎಂದು ಮೋಟಾರು ನಟ್ಟನ್ನು ಕೇಳಿತು.

"ಬೆಳಗಿನಿಂದ ಹೇಳುತ್ತಲೇ ಇದ್ದೇನೆ, ಒಡೆಯಾ. ನಿಮ್ಮ ಅಬ್ಬರಕ್ಕೆ ಅದುರಿ ಅದುರಿಯೇ ನಾನು ಸಡಿಲಾದೆ. ಅದೇ ಅಬ್ಬರದಲ್ಲಿ ನನ್ನ ಮಾತು ನಿಮಗೆ ಕೇಳಲಿಲ್ಲ."

ಸ್ಪ್ಯಾನರು ಬಂದು ನಟ್ಟನ್ನು ಬಿಗಿಮಾಡಿತು. ಮೋಟಾರು ಮತ್ತೆ ದುಡಿಯಿತು. ಮುಳ್ಳು ತುದಿ ಮುಟ್ಟಿತು, ಚಕ್ರ ಉಬ್ಬಿತು, ಲಾರಿ ಹೊರಟಿತು. ಮೋಟಾರು ತಾನಾಗಿಯೇ ನಿಂತು ನಟ್ಟಿನ ಕಡೆ ಕಿವಿಗೊಟ್ಟಿತು. ಏನೂ ಕೇಳಿಸಲಿಲ್ಲ. ಅಷ್ಟು ಹಿತವಾದದ್ದನ್ನು ಅದು ಹಿಂದೆಂದೂ ಕೇಳಿರಲಿಲ್ಲ.